ಫಾಫ್ಸಾದಿಂದ ಲೈಬ್ರರಿ ಕೌಂಟರಿನವರೆಗೆ: ಮಗಳ ಕಾಲೇಜಿಗೆ ದುಡ್ಡು ಹೊಂದಿಸಿದ ವರ್ಷ

ಅಮೆರಿಕದಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಮಕ್ಕಳ ಕಾಲೇಜಿನ ಮಾತು ಬಂದೇ ಬರುತ್ತದೆ. ಯಾರ ಮಗ ಎಲ್ಲಿ ಸೇರಿದ, ಎಸ್‌ಎಟಿಯಲ್ಲಿ ಎಷ್ಟು ಬಂತು, ಯಾವ ಮೇಜರ್ ತಗೊಂಡ, ಇದೆಲ್ಲ ಎಲ್ಲರ ಬಾಯಲ್ಲೂ ಇರುತ್ತದೆ. ಆ ಕಾಲೇಜಿಗೆ ಕಟ್ಟಿದ ದುಡ್ಡು ಹೇಗೆ ಹೊಂದಿತು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಹೀಗಾಗಿ ಪ್ರತಿ ಮನೆಯವರೂ ಈ ದಾರಿಯನ್ನು ಒಂಟಿಯಾಗಿ, ಹೊಸದಾಗಿ ಹುಡುಕಿಕೊಳ್ಳಬೇಕು. ನಮ್ಮ ಮಗಳು 2025ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಒಂದು ಖಾಸಗಿ ಕಾಲೇಜಿಗೆ ಸೇರಿದಳು. ನಾವಿರುವುದು ನ್ಯೂಜೆರ್ಸಿಯಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಮನೆಯಲ್ಲಿ ಮುಖ್ಯ ಸಂಬಳ ಅವರದೇ. ನಾನು ಪ್ರೀಸ್ಕೂಲೊಂದರಲ್ಲಿ ಅರ್ಧ ದಿನದ ಕೆಲಸ ಮಾಡುತ್ತೇನೆ. ಆ ವರ್ಷ ನಮಗೆ ಗೊತ್ತಾದದ್ದು ಮುಂದಿನವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಫಾಫ್ಸಾ. ಇದು ಕಾಲೇಜಿನ ಓದಿಗೆ ಹಣದ ನೆರವು ಕೇಳುವ ಕೇಂದ್ರ ಸರ್ಕಾರದ ಅರ್ಜಿ, ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರು, ವೆಬ್‌ಸೈಟುಗಳು ಇವೆ. ಅವರ ಹತ್ತಿರ ಹೋಗಬೇಕಾದ ಅಗತ್ಯವೇ ಇಲ್ಲ. ಮಗಳು ಇಲ್ಲೇ ಹುಟ್ಟಿದವಳಾದ್ದರಿಂದ ಅಮೆರಿಕದ ಪ್ರಜೆ. ನಮ್ಮ ಪರಿಚಯದವರಲ್ಲಿ ಅಪ್ಪ ಅಮ್ಮ ಇನ್ನೂ ಎಚ್-1ಬಿ, ಎಚ್-4 ವೀಸಾದಲ್ಲೇ ಇರುವ ಮನೆಗಳು ಎಷ್ಟೋ ಇವೆ. ನಮಗೆ ಗ್ರೀನ್ ಕಾರ್ಡ್ ಇಲ್ಲವಲ್ಲ, ಮಗುವಿಗೆ ಎಲ್ಲಿ ಕೊಡುತ್ತಾರೆ ಎಂದು ಅವರು ಅರ್ಜಿಯನ್ನೇ ಹಾಕುವುದಿಲ್ಲ. ಆದರೆ ಅಲ್ಲಿ ನೋಡುವುದು ಓದುವ ಮಗುವಿನ ಪೌರತ್ವವನ್ನು. ತಂದೆತಾಯಿಯ ವೀಸಾ ಯಾವುದೇ ಇರಲಿ, ಅರ್ಹತೆಗೆ ಅಡ್ಡಿಯಿಲ್ಲ.

ಮಗಳದೊಂದು ಖಾತೆ, ತಂದೆ ಅಥವಾ ತಾಯಿಯದೊಂದು ಖಾತೆ ಬೇಕು. ನಾವು ಗಂಡ ಹೆಂಡತಿ ಜಂಟಿಯಾಗಿ ತೆರಿಗೆ ಸಲ್ಲಿಸುವುದರಿಂದ ಇಬ್ಬರಲ್ಲಿ ಒಬ್ಬರು ಸಾಕಾಯಿತು, ನಾನೇ ಕೂತೆ. ತೆರಿಗೆ ಇಲಾಖೆಯಿಂದ ಲೆಕ್ಕ ನೇರವಾಗಿ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟರೆ ಆದಾಯದ ಅಂಕಿಗಳು ತಾವಾಗಿಯೇ ಬಂದು ಕೂರುತ್ತವೆ. ಆ ಒಪ್ಪಿಗೆ ಕಡ್ಡಾಯ. ಕೊಡದಿದ್ದರೆ ಕೇಂದ್ರದ ನೆರವು ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಚರ್ಚೆಯಾದದ್ದು ಆಸ್ತಿಯ ಪ್ರಶ್ನೆ ಬಂದಾಗ. ವಾಸವಿರುವ ಮನೆಯನ್ನು, ನಿವೃತ್ತಿಯ ಖಾತೆಗಳನ್ನು ಫಾಫ್ಸಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮೈಸೂರಿನಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಒಂದು ಸೈಟಿದೆ. "ಅದು ಇಂಡಿಯಾದ್ದು ಕಣೇ, ಇವರಿಗೆ ಯಾಕೆ ಅದರ ಲೆಕ್ಕ" ಎಂದರು ಯಜಮಾನರು. ಆದರೆ ವಾಸದ ಮನೆಯೊಂದನ್ನು ಬಿಟ್ಟು ಬೇರೆ ಸ್ಥಿರಾಸ್ತಿ ಯಾವ ದೇಶದಲ್ಲಿದ್ದರೂ ಹೂಡಿಕೆಯೇ. ಇವತ್ತಿನ ಬೆಲೆಯಲ್ಲಿ ಸಾಲ ಕಳೆದು, ಡಾಲರಿಗೆ ಬದಲಾಯಿಸಿ ಬರೆಯಬೇಕು. ಬರೆದೆವು. ಮಾವನವರ ಹೆಸರಿನಲ್ಲಿರುವ ಊರಿನ ಮನೆ ನಮ್ಮದಲ್ಲ, ಅದನ್ನು ಬರೆಯುವ ಪ್ರಶ್ನೆಯೇ ಬರಲಿಲ್ಲ. ಸೈಟು ಬರೆದರೆ ಎಲ್ಲ ಕೈತಪ್ಪುತ್ತದೆ ಎಂದು ಹೆದರುವವರಿಗೆ ಇಷ್ಟು ಹೇಳುತ್ತೇನೆ: ತಂದೆತಾಯಿಯ ಆಸ್ತಿಯಲ್ಲಿ ಹೆಚ್ಚೆಂದರೆ ನೂರಕ್ಕೆ 5.64 ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಮಗುವಿನ ಹೆಸರಿನಲ್ಲಿರುವ ಉಳಿತಾಯದಲ್ಲಾದರೆ ನೂರಕ್ಕೆ 20. ಅಜ್ಜಿ ತಾತ ಪ್ರೀತಿಯಿಂದ ಮೊಮ್ಮಗಳ ಹೆಸರಿಗೇ ಹಣ ಹಾಕುವ ಮುಂಚೆ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

ಎಲ್ಲ ತುಂಬಿದ ಮೇಲೆ ಎಸ್‌ಎಐ ಎಂಬ ಒಂದು ಸಂಖ್ಯೆ ಬರುತ್ತದೆ. ನಮ್ಮ ತಾಲ್ಲೂಕು ಕಚೇರಿಯ ಆದಾಯ ಪ್ರಮಾಣಪತ್ರ ಇದ್ದಹಾಗೆ ಅದು: ಕುಟುಂಬದ ಸ್ಥಿತಿಗೊಂದು ಅಳತೆ, ಕಟ್ಟಬೇಕಾದ ಬಿಲ್ಲಲ್ಲ. ಕಾಲೇಜು ತನ್ನ ಒಟ್ಟು ಖರ್ಚಿನಲ್ಲಿ ಈ ಸಂಖ್ಯೆಯನ್ನು ಕಳೆದು ನಮ್ಮ "ಅಗತ್ಯ" ಎಷ್ಟೆಂದು ನಿರ್ಧರಿಸುತ್ತದೆ. ಅತಿ ಕಡಿಮೆ ಆದಾಯದ ಕುಟುಂಬಗಳಿಗೆ ಪೆಲ್ ಗ್ರಾಂಟ್ ಎಂಬ, ತೀರಿಸಬೇಕಿಲ್ಲದ ಸರ್ಕಾರಿ ಹಣ ಬರುತ್ತದೆ, 2025-26ಕ್ಕೆ ಅದರ ಮಿತಿ 7,395 ಡಾಲರ್. ನಮಗೆ ಅದು ಬರುವ ಹಾಗಿರಲಿಲ್ಲ. ಮಗಳು ಅರ್ಜಿ ಹಾಕಿದ ಕೆಲವು ಖಾಸಗಿ ಕಾಲೇಜುಗಳು ಫಾಫ್ಸಾ ಸಾಲದೆಂದು ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳಿದವು. ಅದಕ್ಕೆ ಶುಲ್ಕವಿದೆ, ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೂ 16. ವಾಸದ ಮನೆಯ ಬೆಲೆಯನ್ನೂ ಅದು ಕೇಳುತ್ತದೆ. ಅದನ್ನು ತುಂಬುವುದು ತಾಳ್ಮೆಯ ಕೆಲಸ, ಅಷ್ಟೇ.

ನಾವು ಅರ್ಜಿ ಹಾಕಿದ್ದು 2024ರ ಡಿಸೆಂಬರಿನಲ್ಲಿ. ಸಾಫ್ಟ್‌ವೇರ್ ಸಂಬಳ ಬರುತ್ತಿದ್ದ ದಿನಗಳು. "ನಮ್ಮಂಥವರಿಗೆ ಏನೂ ಸಿಗಲ್ಲ, ಯಾಕೆ ಹಾಕ್ತೀರಿ" ಎಂದ ಸ್ನೇಹಿತರೇ ಹೆಚ್ಚು. ಫಾಫ್ಸಾ ಹಾಕಲು ಆದಾಯದ ಮಿತಿ ಎಂಬುದೇ ಇಲ್ಲ. ಮಗುವಿನ ಹೆಸರಿನಲ್ಲಿ ಸರ್ಕಾರಿ ಸಾಲ ಪಡೆಯುವುದಕ್ಕೂ ಇದು ಬೇಕು. ಅದಕ್ಕಿಂತ ಮುಖ್ಯವಾಗಿ, ನಡುವೆ ಏನಾದರೂ ಏರುಪೇರಾದರೆ ಕಾಲೇಜಿನ ಬಾಗಿಲು ತಟ್ಟಲು ಕಡತದಲ್ಲಿ ಒಂದು ಅರ್ಜಿ ಇರಬೇಕು. ನಮಗೆ ಆದದ್ದು ಅದೇ. 2025-26ರ ಫಾಫ್ಸಾ ನೋಡುವುದು 2023ರ ಆದಾಯವನ್ನು. ಆ ವರ್ಷ ಪೂರ್ತಿ ಸಂಬಳ ಬಂದಿತ್ತು. 2025ರ ಫೆಬ್ರವರಿಯಲ್ಲಿ ಕೆಲಸವೇ ಇರಲಿಲ್ಲ. ಮಾರ್ಚ್ ಕೊನೆಗೆ ಕಾಲೇಜಿನ ನೆರವಿನ ಪತ್ರ ಬಂದಾಗ ಅದು ನಮ್ಮ ಹಳೆಯ ಸ್ಥಿತಿಗೆ ಬರೆದ ಪತ್ರವಾಗಿತ್ತು.

ಆ ಪತ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೇಲೆ ಅಭಿನಂದನೆ. ಕೆಳಗೆ ವರ್ಷದ ಒಟ್ಟು ಖರ್ಚು 84,000 ಡಾಲರ್. ಅದರ ಕೆಳಗೆ "ನಿಮ್ಮ ನೆರವು" ಎಂಬ ಒಂದೇ ಶೀರ್ಷಿಕೆಯಡಿ ನಾಲ್ಕು ಸಾಲು: ಕಾಲೇಜಿನ ಗ್ರಾಂಟ್ 31,000, ವಿದ್ಯಾರ್ಥಿ ಸಾಲ 5,500, ವರ್ಕ್ ಸ್ಟಡಿ 3,000, ಪೇರೆಂಟ್ ಪ್ಲಸ್ 44,500. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ, ಬಾಕಿ: ಸೊನ್ನೆ. ಮಗಳು ಪತ್ರ ಓದಿ, "ಅಮ್ಮಾ, ಎಲ್ಲಾ ಕವರ್ ಆಗಿದೆ" ಎಂದು ಕುಣಿದಳು. ನಾನು ಅದೇ ಹಾಳೆಯ ಹಿಂದೆ ಮೂರು ಕಂಬ ಎಳೆದೆ. ತೀರಿಸಬೇಕಿಲ್ಲದ ದುಡ್ಡು, ತೀರಿಸಬೇಕಾದ ದುಡ್ಡು, ದುಡಿದು ಪಡೆಯಬೇಕಾದ ದುಡ್ಡು. ಮೊದಲ ಕಂಬಕ್ಕೆ ಬಂದದ್ದು 31,000 ಮಾತ್ರ. ಎರಡನೆಯದಕ್ಕೆ 50,000. ಮೂರನೆಯದಕ್ಕೆ 3,000. ಮಗಳು ಆ ಎರಡನೇ ಕಂಬವನ್ನು ಬಹಳ ಹೊತ್ತು ನೋಡಿದಳು. ಹದಿನೇಳು ವರ್ಷದ ಮಗುವಿಗೆ ಸಾಲವನ್ನು "ನೆರವು" ಎಂದು ಕರೆದು ಕಳಿಸುವುದು ನನಗೆ ಈಗಲೂ ತಪ್ಪೆನಿಸುತ್ತದೆ.

ಪೇರೆಂಟ್ ಪ್ಲಸ್ ಎಂದರೆ ತಂದೆ ಅಥವಾ ತಾಯಿಯ ತಲೆಯ ಮೇಲೆ ಬರುವ ಸಾಲ. 2025-26ಕ್ಕೆ ಅದರ ಬಡ್ಡಿ ನೂರಕ್ಕೆ 8.94. ಜೊತೆಗೆ ಸಾಲ ಕೊಡುವಾಗಲೇ ನೂರಕ್ಕೆ 4.228 ಶುಲ್ಕ ಹಿಡಿಯುತ್ತಾರೆ. 44,500ಕ್ಕೆ ಸುಮಾರು 1,880 ಡಾಲರ್ ಕಾಲೇಜಿಗೆ ತಲುಪುವ ಮೊದಲೇ ಹೋಗುತ್ತದೆ. ಮಗಳ ಹೆಸರಿನ 5,500 ಬೇರೆ ಜಾತಿಯ ಸಾಲ. ಮೊದಲ ವರ್ಷದ ಅವಲಂಬಿತ ವಿದ್ಯಾರ್ಥಿಗೆ ಸಿಗುವುದೇ ಅಷ್ಟು. ಅದರಲ್ಲಿ 3,500 ಸಬ್ಸಿಡೈಸ್ಡ್, ಅಂದರೆ ಓದುವಷ್ಟು ಕಾಲ ಬಡ್ಡಿ ಸರ್ಕಾರದ್ದು. ಉಳಿದ 2,000ಕ್ಕೆ ಮೊದಲ ದಿನದಿಂದ ಬಡ್ಡಿ ಏರುತ್ತದೆ. ಆ ವರ್ಷದ ದರ ನೂರಕ್ಕೆ 6.39. ಈ ಸಾಲವನ್ನು ನಾವು ಒಪ್ಪಿಕೊಂಡೆವು. ಪ್ಲಸ್ ಬೇಡವೆಂದೆವು. ಪತ್ರದಲ್ಲಿ ಬಂದದ್ದನ್ನೆಲ್ಲ ಒಪ್ಪಿಕೊಳ್ಳಬೇಕೆಂದೇನಿಲ್ಲ, ಸಾಲುಸಾಲಾಗಿ ಆರಿಸಿಕೊಳ್ಳಬಹುದು.

ಇನ್ನು ಮೇಲ್ಮನವಿ. ಕೆಲಸ ಹೋದದ್ದನ್ನು ಕಾಲೇಜಿಗೆ ಬರೆದು ತಿಳಿಸೋಣ ಎಂದಾಗ ಯಜಮಾನರು ಒಪ್ಪಲಿಲ್ಲ. "ಇಷ್ಟು ವರ್ಷ ದುಡಿದು, ಈಗ ಕೈ ಚಾಚೋದಾ?" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೆ ನಾನು ಓದಿದ್ದೇ ತುಮಕೂರಿನ ಬಿಸಿಎಂ ಹಾಸ್ಟೆಲಿನಲ್ಲಿ. ಅಪ್ಪ ಪ್ರತಿ ವರ್ಷ ಆದಾಯದ ಪತ್ರಕ್ಕಾಗಿ ಗ್ರಾಮಲೆಕ್ಕಿಗರ ಹಿಂದೆ ಓಡಾಡಿ, ತಹಶೀಲ್ದಾರರ ಸಹಿ ಹಾಕಿಸಿ ತರುತ್ತಿದ್ದರು. ಆ ಹಾಸ್ಟೆಲಿನ ಅನ್ನ ಉಂಡು ಡಿಗ್ರಿ ಮುಗಿಸಿದೆ. ಅಪ್ಪ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ನೋಡಲಿಲ್ಲ. ನಿಯಮದಲ್ಲಿ ಇದ್ದದ್ದನ್ನು ಕೇಳಿ ಪಡೆದರು. "ರೀ, ಇದು ದಾನ ಅಲ್ಲ. ಕಾಯ್ದೆಯಲ್ಲೇ ಇರೋ ದಾರಿ" ಎಂದೆ. ಆ ದಾರಿಗೆ ಇಲ್ಲಿ ಪ್ರೊಫೆಷನಲ್ ಜಜ್‌ಮೆಂಟ್ ಎನ್ನುತ್ತಾರೆ. ಕೆಲಸ ಹೋಗುವುದು, ವಿಮೆ ಭರಿಸದ ಆಸ್ಪತ್ರೆ ಖರ್ಚು, ವಿಚ್ಛೇದನ, ಸಾವು, ಇಂಥ ಕಾರಣಗಳಿದ್ದರೆ ಕಾಲೇಜಿನ ನೆರವಿನ ಅಧಿಕಾರಿ ದಾಖಲೆ ನೋಡಿ ಲೆಕ್ಕವನ್ನು ತಿದ್ದಬಹುದು. ತೀರ್ಮಾನ ಪೂರ್ತಿ ಆ ಕಾಲೇಜಿನದು, ಅದರ ಮೇಲೆ ಸರ್ಕಾರಕ್ಕೆ ಅಪೀಲು ಇಲ್ಲ.

ನಾವು ಕೊಟ್ಟದ್ದು: ಕೆಲಸದಿಂದ ತೆಗೆದ ಪತ್ರ, ಕೊನೆಯ ಸಂಬಳದ ಚೀಟಿ, ಕಂಪನಿ ಬಿಡುವಾಗ ಕೊಟ್ಟ ಹಣದ ವಿವರ, ನಿರುದ್ಯೋಗ ಭತ್ಯೆಯ ದಾಖಲೆ, 2025ಕ್ಕೆ ಎಷ್ಟು ಆದಾಯ ಬರಬಹುದೆಂಬ ತಿಂಗಳವಾರು ಅಂದಾಜು. ಜೊತೆಗೆ ಒಂದು ಪುಟದ ಪತ್ರ. ಪತ್ರದಲ್ಲಿ ಗೋಳು ತೋಡಿಕೊಳ್ಳಲಿಲ್ಲ. ಏನಾಯಿತು, ಯಾವಾಗ ಆಯಿತು, ಆದಾಯ ಎಷ್ಟಿತ್ತು ಎಷ್ಟಕ್ಕಿಳಿಯಿತು, ನಾವು ಎಷ್ಟು ಕಟ್ಟಬಲ್ಲೆವು. ಇಷ್ಟೇ. ಇನ್ನೊಂದು ಕಾಲೇಜು ಹೆಚ್ಚು ಕೊಟ್ಟಿದ್ದರೆ ಆ ಪತ್ರವನ್ನೂ ಲಗತ್ತಿಸಬಹುದು. ಕೆಲವು ಕಾಲೇಜುಗಳು ಪರಿಗಣಿಸುತ್ತವೆ, ಕೆಲವು ಇಲ್ಲ. ಕಚೇರಿಯ ಮಹಿಳೆಯೊಬ್ಬರು ಫೋನಿನಲ್ಲಿ ಬಹಳ ಸಮಾಧಾನವಾಗಿ ಮಾತನಾಡಿದರು. ಕಳಿಸಿದ ಕಾಗದ ಸಾಲದೆ ಹೋದಾಗ ಇನ್ನೇನು ಬೇಕೆಂದು ಅವರೇ ಹೇಳಿದರು. ಸೀಟಿಗೆ ಮುಂಗಡ ಕಟ್ಟಲು ಮೇ 1 ಗಡುವು. ಏಪ್ರಿಲ್ ಮುಗಿಯುವ ಮುಂಚೆ ಹೊಸ ಪತ್ರ ಬಂತು. ಗ್ರಾಂಟ್ 31,000 ಇದ್ದದ್ದು 49,000 ಆಗಿತ್ತು. ಯಜಮಾನರು ಆ ಪತ್ರವನ್ನು ಎರಡು ಸಲ ಓದಿ, ಮಗಳ ತಲೆ ಸವರಿ, ಹಿತ್ತಲಿಗೆ ಹೋಗಿ ಒಬ್ಬರೇ ನಿಂತರು.

84,000ದಲ್ಲಿ ಪೂರ್ತಿ ಕಾಲೇಜಿಗೆ ಕಟ್ಟುವುದಲ್ಲ. ಬೋಧನಾ ಶುಲ್ಕ, ಹಾಸ್ಟೆಲ್, ಊಟ ಸೇರಿ 80,000. ಉಳಿದದ್ದು ಪುಸ್ತಕ, ಓಡಾಟ, ಕೈಖರ್ಚಿನ ಅಂದಾಜು. ಗ್ರಾಂಟ್ ಮತ್ತು ಮಗಳ ಸಾಲ ಕಳೆದರೆ ನಾವು ಕಟ್ಟಬೇಕಾದದ್ದು ಸುಮಾರು 25,500. ಮಕ್ಕಳ ಓದಿಗೆಂದು ಉಳಿಸುವ 529 ಖಾತೆಯಲ್ಲಿ ಅವಳು ಸಣ್ಣವಳಿದ್ದಾಗಿನಿಂದ ಹಾಕಿದ್ದ ಹಣದಿಂದ ಅರ್ಧ, ಉಳಿದದ್ದನ್ನು ಕಾಲೇಜಿನ ತಿಂಗಳ ಕಂತಿನಲ್ಲಿ. ಕಂತಿಗೆ ಬಡ್ಡಿಯಿಲ್ಲ, ಸಣ್ಣದೊಂದು ನೋಂದಣಿ ಶುಲ್ಕವಿದೆ. ಬಿಲ್ಲಿನಲ್ಲಿ ವರ್ಕ್ ಸ್ಟಡಿಯ 3,000 ಮಾತ್ರ ಎಲ್ಲೂ ಕಳೆದಿರಲಿಲ್ಲ. ಎಷ್ಟೋ ಮನೆಗಳಲ್ಲಿ ಗಾಬರಿಯಾಗುವುದು ಇಲ್ಲೇ.

ವರ್ಕ್ ಸ್ಟಡಿ ಎಂದರೆ ಕೈಗೆ ಬಂದ ದುಡ್ಡಲ್ಲ, ಅಷ್ಟರ ತನಕ ದುಡಿಯಲು ಸಿಕ್ಕ ಅವಕಾಶ. ಕೆಲಸವನ್ನು ಮಗುವೇ ಹುಡುಕಬೇಕು, ಗಂಟೆ ದಾಖಲಿಸಬೇಕು. ಸಂಬಳ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ, ಕಾಲೇಜಿನ ಬಿಲ್ಲಿಗೆ ತಾನಾಗಿ ಹೋಗುವುದಿಲ್ಲ. ಕೆಲಸ ಸಿಗದಿದ್ದರೆ ಆ 3,000 ಬರೀ ಕಾಗದದ ಮೇಲೆ. ಈ ಯೋಜನೆ ಶುರುವಾದದ್ದು 1964ರಲ್ಲಿ, ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, ಬಡತನದ ವಿರುದ್ಧದ ಅವರ ಕಾಯ್ದೆಯ ಒಂದು ಭಾಗವಾಗಿ. ಟೆಕ್ಸಸ್‌ನ ಸ್ಯಾನ್ ಮಾರ್ಕಸ್ ಊರಿನ ಕಾಲೇಜಿನಲ್ಲಿ ಓದುವಾಗ ಕಸ ಗುಡಿಸುವ ಕೆಲಸ ಮಾಡಿದ್ದವರು ಅವರು. ಸಂಬಳದ ಹೆಚ್ಚಿನ ಪಾಲನ್ನು, ಸಾಮಾನ್ಯವಾಗಿ ನೂರಕ್ಕೆ 75ರ ತನಕ, ಕೇಂದ್ರ ಸರ್ಕಾರವೇ ಭರಿಸುವುದರಿಂದ ಕಾಲೇಜಿನ ವಿಭಾಗಗಳು ವರ್ಕ್ ಸ್ಟಡಿ ಇರುವ ಮಕ್ಕಳನ್ನು ಮೊದಲು ಆರಿಸಿಕೊಳ್ಳುತ್ತವೆ. ಹೀಗಾಗಿ ಅರ್ಜಿ ಹಾಕುವಾಗ "ನನಗೆ ವರ್ಕ್ ಸ್ಟಡಿ ಇದೆ" ಎಂದು ಮೊದಲ ಸಾಲಿನಲ್ಲೇ ಬರೆಯಬೇಕು.

ಒಳ್ಳೆಯ ಕೆಲಸಗಳು ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ತುಂಬಿಹೋಗುತ್ತವೆ. ಊಟದ ಹಾಲಿನಲ್ಲಿ ಯಾವಾಗಲೂ ಜನ ಬೇಕಿರುತ್ತದೆ, ಮಿಕ್ಕ ಕಡೆ ಪೈಪೋಟಿ. ಮಗಳಿಗೆ ಲೈಬ್ರರಿಯಲ್ಲಿ ಸಿಕ್ಕಿತು, ಗಂಟೆಗೆ 12 ಡಾಲರ್. ಪೆನ್ಸಿಲ್ವೇನಿಯದಲ್ಲಿ ಕನಿಷ್ಠ ವೇತನ ಈಗಲೂ ಕೇಂದ್ರದ 7.25 ಡಾಲರೇ ಆದ್ದರಿಂದ ಅದು ಅಲ್ಲಿ ಒಳ್ಳೆಯ ಸಂಬಳ. 3,000 ತಲುಪಲು 250 ಗಂಟೆ. ವರ್ಷದ ಮೂವತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಎಂಟು ಗಂಟೆಯ ಆಸುಪಾಸು. ಓದಿಗೆ ಅಡ್ಡಿಯಾಗದಷ್ಟು.

ಕೆಲಸಕ್ಕೆ ಸೇರುವ ದಿನ, ಇಲ್ಲಿ ದುಡಿಯಲು ಅರ್ಹತೆ ಇದೆಯೆಂದು ತೋರಿಸುವ ಐ-9 ಎಂಬ ಫಾರ್ಮ್ ತುಂಬಬೇಕು. ಅದಕ್ಕೆ ಮೂಲ ದಾಖಲೆಯೇ ಬೇಕು. ಪಾಸ್‌ಪೋರ್ಟ್ ಒಂದಿದ್ದರೆ ಸಾಕು, ಇಲ್ಲವೆಂದರೆ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್. ಮೊಬೈಲಿನಲ್ಲಿರುವ ಫೋಟೊ, ಜೆರಾಕ್ಸ್ ನಡೆಯುವುದಿಲ್ಲ. ಕೆಲಸ ಶುರುವಾದ ಮೂರು ಕೆಲಸದ ದಿನಗಳೊಳಗೆ ಅದನ್ನು ಅವರು ಪರಿಶೀಲಿಸಲೇಬೇಕು. ಮಗಳ ಜೊತೆಯ ಎಷ್ಟೋ ಮಕ್ಕಳ ಪಾಸ್‌ಪೋರ್ಟ್ ದೂರದ ಊರಿನ ಮನೆಯ ಬೀರುವಿನಲ್ಲಿತ್ತು. ಕೊರಿಯರ್‌ಗೆ ಕಾದು ಕೂತರು. ಹಾಸ್ಟೆಲಿಗೆ ಬಿಡುವ ದಿನವೇ ದಾಖಲೆಯನ್ನು ಕೈಗೆ ಕೊಟ್ಟು, ಬೀಗ ಹಾಕುವ ಸಣ್ಣ ಪೆಟ್ಟಿಗೆಯನ್ನೂ ಕೊಡಿ. ತೆರಿಗೆಗೆ ಡಬ್ಲ್ಯು-4, ಸಂಬಳಕ್ಕೆ ಬ್ಯಾಂಕ್ ಖಾತೆಯ ವಿವರ. ಓದುತ್ತಿರುವ ಕಾಲೇಜಿನಲ್ಲೇ ದುಡಿಯುವ ವಿದ್ಯಾರ್ಥಿಯ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಬಾಬ್ತು ಹಿಡಿಯುವ ನೂರಕ್ಕೆ 7.65 ಸಾಮಾನ್ಯವಾಗಿ ಇರುವುದಿಲ್ಲ. ಚೀಟಿಯಲ್ಲಿ ಹಿಡಿದಿದ್ದರೆ ಕೇಳಬೇಕು.

ಕೆಲಸವೇನೆಂದರೆ ಕೌಂಟರಿನಲ್ಲಿ ಪುಸ್ತಕ ಕೊಡುವುದು, ವಾಪಸ್ ಬಂದದ್ದನ್ನು ತಳ್ಳುಗಾಡಿಯಲ್ಲಿ ಒಯ್ದು ಅದರ ಜಾಗದಲ್ಲಿಡುವುದು. ಮೊದಲ ವಾರ ಫೋನಿನಲ್ಲಿ ಅವಳ ಮಾತೆಲ್ಲ ಪುಸ್ತಕದ ಬೆನ್ನಿನ ಸಂಖ್ಯೆಯದೇ. "ಅಮ್ಮಾ, ಸಿ65 ಮೊದಲು ಬರುತ್ತೆ, ಸಿ7 ಆಮೇಲೆ. ಯಾಕೆ ಹೇಳು?" ಆ ಅಕ್ಷರದ ಮುಂದಿನ ಅಂಕಿಯನ್ನು ದಶಮಾಂಶದ ಹಾಗೆ ಓದಬೇಕಂತೆ, ಅರವತ್ತೈದು ಎಂದಲ್ಲ. ಒಂದು ಪುಸ್ತಕ ತಪ್ಪು ಜಾಗಕ್ಕೆ ಹೋದರೆ ಅದು ಕಳೆದುಹೋದ ಹಾಗೇ, ಯಾರ ಕೈಗೂ ಸಿಗುವುದಿಲ್ಲ ಎಂದು ಮೇಲ್ವಿಚಾರಕರು ಹೇಳಿಕೊಟ್ಟಿದ್ದರು. ಮೊದಲ ಸಂಬಳದಲ್ಲಿ ಕೆಮಿಸ್ಟ್ರಿ ಪುಸ್ತಕವನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಾನೇ ಕೊಂಡಳು. ಅಪ್ಪನಿಗೆ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಕೈಖರ್ಚಿಗೆ ಮನೆಯನ್ನು ಕೇಳಲಿಲ್ಲ. ಅವಳ ಈ ದುಡಿಮೆ ಮುಂದೆ ನೆರವಿಗೆ ಕುತ್ತು ತರುವುದೂ ಇಲ್ಲ; ವರ್ಕ್ ಸ್ಟಡಿಯ ಗಳಿಕೆಯನ್ನು ಫಾಫ್ಸಾ ಲೆಕ್ಕದಿಂದ ಬಿಡುತ್ತಾರೆ.

ಇದೆಲ್ಲ ಕೇಳಿ ನನ್ನ ಅಕ್ಕನ ಮಗ, ತುಮಕೂರಿನಲ್ಲಿ ಬಿಇ ಮುಗಿಸಿ ಎಂಎಸ್ ಮಾಡಲು ಬಂದವನು, "ಚಿಕ್ಕಮ್ಮ, ನಾನೂ ಫಾಫ್ಸಾ ಹಾಕಲಾ?" ಎಂದ. ಅವನ ಹಾಗೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಅದಿಲ್ಲ, ವರ್ಕ್ ಸ್ಟಡಿಯೂ ಇಲ್ಲ. ಆದರೆ ಕ್ಯಾಂಪಸ್ಸಿನೊಳಗೆ ದುಡಿಯಲು ತಡೆಯಿಲ್ಲ: ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ. ಕೆಲಸ ಸಿಕ್ಕ ಪತ್ರ ಮತ್ತು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಪತ್ರ ಹಿಡಿದು ಹೋದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗುತ್ತದೆ. ಎಂಎಸ್, ಪಿಎಚ್‌ಡಿಯವರಿಗೆ ದೊಡ್ಡ ಆಸರೆ ಎಂದರೆ ಟಿಎ (ಪಾಠಕ್ಕೆ ಸಹಾಯಕ), ಆರ್‌ಎ (ಸಂಶೋಧನೆಗೆ ಸಹಾಯಕ) ಹುದ್ದೆ. ಎಷ್ಟೋ ಕಡೆ ಶುಲ್ಕದಲ್ಲೂ ವಿನಾಯಿತಿ ಬರುತ್ತದೆ. ಪ್ರೊಫೆಸರರಿಗೆ ಬರೆಯುವಾಗ ಅವರ ಕೆಲಸವನ್ನು ಓದಿ ಬರೆಯಬೇಕು, ಒಂದೇ ಇಮೇಲನ್ನು ಐವತ್ತು ಜನಕ್ಕೆ ಕಳಿಸಿದರೆ ಯಾರೂ ನೋಡುವುದಿಲ್ಲ. ಭಾರತದ ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವಿದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ, ಬೇರೆ ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗೆ ಇಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಲೆಕ್ಕಕ್ಕೆ ಮುಂಚೆ ಆದಾಯದಲ್ಲಿ ಕಳೆಯುವ ನಿಗದಿತ ಮೊತ್ತ, ಅವರಿಗೆ ಸಿಗುತ್ತದೆ. ಸಂಬಳವೇ ಇಲ್ಲದ ವರ್ಷವೂ ತೆರಿಗೆ ಇಲಾಖೆಗೆ 8843 ಫಾರ್ಮ್ ಕಳಿಸಬೇಕು. ಕ್ಯಾಂಪಸ್ಸಿನ ಹೊರಗೆ ಅಂಗಡಿ, ಪೆಟ್ರೋಲ್ ಬಂಕುಗಳಲ್ಲಿ ಕದ್ದು ಕೆಲಸ ಮಾಡಿದರೆ ವೀಸಾವೇ ಹೋಗುತ್ತದೆ. ಅವನಿಗೆ ಇದನ್ನು ಒತ್ತಿ ಹೇಳಿದೆ.

ಯಜಮಾನರಿಗೆ ಚಳಿಗಾಲಕ್ಕೆ ಮುಂಚೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ನೆರವಿನ ಅರ್ಜಿ ಒಂದು ಸಲಕ್ಕೆ ಮುಗಿಯುವುದಲ್ಲ, ಪ್ರತಿ ವರ್ಷ ಹಾಕಬೇಕು; ಮಗುವಿನ ಅಂಕಗಳೂ ಕಾಲೇಜು ಹೇಳಿದ ಮಟ್ಟದಲ್ಲಿರಬೇಕು. 2026-27ರ ಫಾಫ್ಸಾ 2024ರ ಆದಾಯವನ್ನು ನೋಡುತ್ತದೆ, ಅದು ಪೂರ್ತಿ ಸಂಬಳ ಬಂದ ವರ್ಷ. ಆದ್ದರಿಂದ ಮೇಲ್ಮನವಿಯನ್ನು ಮತ್ತೊಮ್ಮೆ, ಹೊಸ ಸಂಬಳದ ಚೀಟಿಗಳೊಂದಿಗೆ ಕೊಡಬೇಕು. ಈ ಸಲ ಪತ್ರವನ್ನು ಯಜಮಾನರೇ ಬರೆದಿದ್ದಾರೆ.

ಈಗ ಹನ್ನೆರಡನೇ ತರಗತಿಯಲ್ಲಿರುವ ಮಕ್ಕಳ ಮನೆಯವರಿಗೆ ಇನ್ನೆರಡು ವಿಷಯ. ಕಾಲೇಜು ಆರಿಸುವ ಮುಂಚೆಯೇ ನೆರವು ಕಳೆದು ನಿಮಗೆ ಎಷ್ಟು ಖರ್ಚು ಬೀಳಬಹುದೆಂದು ಅಂದಾಜು ಕೊಡುವ, ಅದರ ವೆಬ್‌ಸೈಟಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರಿನಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಕೇಂದ್ರದ ನೆರವು ಪಡೆಯುವ ಕಾಲೇಜುಗಳು 2011ರಿಂದ ಅದನ್ನು ಇಡಲೇಬೇಕು. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಅಗತ್ಯ ನೋಡಿ ಮಾತ್ರ. ಎರಡನೆಯದು, 2026ರ ಜುಲೈ 1ರಿಂದ ಹೊಸದಾಗಿ ಪೇರೆಂಟ್ ಪ್ಲಸ್ ಪಡೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ ಬಂದಿದೆ. ನಮಗೆ ಬಂದಂಥ 44,500ರ ಸಾಲು ಇನ್ನು ಬರಲಾರದು. ಆ ಕೊರತೆಗೆ ಬ್ಯಾಂಕಿನ ಖಾಸಗಿ ಸಾಲದ ಜಾಹೀರಾತುಗಳು ಈಗಲೇ ಬರುತ್ತಿವೆ. ಅವಕ್ಕೆ ಸಹಿ ಹಾಕುವ ಮೊದಲು ಕಾಲೇಜಿನ ನೆರವಿನ ಕಚೇರಿಗೆ ಒಂದು ಫೋನ್ ಮಾಡಿ, ನಿಮ್ಮ ಸ್ಥಿತಿ ಹೀಗಿದೆ, ಇನ್ನೇನು ದಾರಿಯಿದೆ ಎಂದು ಕೇಳಿ.